ಓರಿನ್ ಟ್ವೈಟನ ಮೀಟರುಗಳು

ಕಾಗದದ ಕಾರ್ಖಾನೆ ಮುಚ್ಚಿದ ಮೂರನೆಯ ವಾರ, ಮಿನೆಸೋಟದ ಆ ಸಣ್ಣ ಊರಿನ ಗ್ರಂಥಾಲಯಕ್ಕೆ ಓರಿನ್ ಟ್ವೈಟ್ ಮೊದಲ ಸಲ ಬಂದನು. ಬೂಟಿನ ಹಿಮವನ್ನು ಬಾಗಿಲಲ್ಲೇ ಕೊಡವಿ, ಪುಸ್ತಕಗಳತ್ತ ಕಣ್ಣೂ ಹಾಯಿಸದೆ, ಮೂಲೆಯಲ್ಲಿದ್ದ ಆರು ಕಂಪ್ಯೂಟರುಗಳ ಮುಂದೆ ನಿಂತನು.

"ಇವನ್ನ ಯಾರು ನೋಡ್ಕೊಳ್ತಾರೆ?" ಎಂದು ಗ್ರಂಥಪಾಲಕಿ ಲೋರ್ನಾ ಹೌಗನಳನ್ನು ಕೇಳಿದನು.

"ದೇವರು," ಎಂದಳು ಲೋರ್ನಾ.

"ಅವನಿಗೆ ರಜ ಕೊಡಿ. ನಾನು ನೋಡ್ಕೊಳ್ತೀನಿ. ಸಂಬಳ ಬೇಡ, ಕಾಫಿ ಸಾಕು."

ಮೂವತ್ತೊಂದು ವರ್ಷ ಅವನು ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಮಾಪಕಗಳನ್ನು ಕಾಯುತ್ತ ಕುಳಿತವನು. ಮಾಪಕದಿಂದ ಕಣ್ಣು ತೆಗೆದವನೇ ಬಾಯ್ಲರ್ ಸಿಡಿಸಿದವನು ಎಂಬುದು ಅಲ್ಲಿಯವರ ಮಾತು. ಹಾಗಾಗಿ ಆರೂ ಪರದೆಗಳ ಅಂಚಿನಲ್ಲಿ, ಯಂತ್ರದ ಶ್ರಮವನ್ನು ಅಳೆದು ತೋರಿಸುವ ಸಣ್ಣ ಪ್ರೋಗ್ರಾಮುಗಳನ್ನು, ಅವನ ಮಾತಿನಲ್ಲಿ ಮೀಟರುಗಳನ್ನು, ಕೂರಿಸಿದನು. ಪ್ರೊಸೆಸರಿಗೆ ಒಂದು, ಮೆಮರಿಗೆ ಒಂದು, ಡಿಸ್ಕಿಗೆ, ಜಾಲಕ್ಕೆ, ಬಿಸಿಗೆ ಒಂದೊಂದು. ಅರೆ ಸೆಕೆಂಡಿಗೊಮ್ಮೆ ಹಸಿರು ಗೆರೆಗಳು ಕುಣಿಯುತ್ತಿದ್ದವು. ಓರಿನನಿಗೆ ನೆಮ್ಮದಿಯಾಯಿತು.

ಕೆಲಸ ಕಳೆದುಕೊಂಡ ಕಾರ್ಮಿಕರು ವಾರವಾರವೂ ನಿರುದ್ಯೋಗ ಭತ್ಯೆಯ ಅರ್ಜಿ ತುಂಬುತ್ತಿದ್ದುದು ಈ ಯಂತ್ರಗಳಲ್ಲಿಯೇ. ಬರಬರುತ್ತ ಅರ್ಜಿ ಅರ್ಧಕ್ಕೇ ನಿಲ್ಲತೊಡಗಿತು.

"ಏನಯ್ಯಾ ಓರಿನ್," ಎಂದು ಅವನ ಹಳೆಯ ಜೊತೆಗಾರ ಸೆಲ್ಮರ್ ರೂಡ್ ಕೂಗುತ್ತಿದ್ದನು, "ನಾನು ಹೆಸರು ಬರೆದು ಮುಗಿಸೋ ಹೊತ್ತಿಗೆ ನನಗೆ ಪಿಂಚಣಿ ವಯಸ್ಸಾಗಿರುತ್ತೆ!"

ಯಂತ್ರ ನಿಧಾನವಾದಷ್ಟೂ ಓರಿನ್ ಮೀಟರುಗಳನ್ನು ಹೆಚ್ಚಿಸಿದನು. ಎರಡು ವರ್ಷಗಳಲ್ಲಿ ಅವು ಪರದೆಗೆ ಒಂಬತ್ತಾದವು.

ಕೊನೆಗೆ, ಹಳೆಯ ಯಂತ್ರಗಳನ್ನು ಎಸೆದು ಆ ಮೂಲೆಯನ್ನೇ ಮುಚ್ಚುವ ಮಾತು ಪುರಸಭೆಯಲ್ಲಿ ಬಂದಿತು. ಹಾಗಾದರೆ ಅರ್ಜಿಗಾಗಿ ನಲವತ್ತು ಮೈಲಿ ಹೋಗಬೇಕು. ಗುರುವಾರ ತೀರ್ಮಾನ.

ಮಂಗಳವಾರ ಓರಿನ್ ಒಂದು ಯಂತ್ರದಲ್ಲಿ ಎಲ್ಲವನ್ನೂ ಮುಚ್ಚಿ, ಯಾವ ಪ್ರೋಗ್ರಾಮು ಯಂತ್ರದ ಶಕ್ತಿಯನ್ನು ಎಷ್ಟು ತಿನ್ನುತ್ತಿದೆಯೆಂದು ತೋರಿಸುವ ಟಾಸ್ಕ್ ಮ್ಯಾನೇಜರಿನ ಪಟ್ಟಿ ತೆರೆದನು. "ನೋಡು ಲೋರ್ನಾ, ಏನೂ ನಡೀತಿಲ್ಲ, ಆದ್ರೂ ಏದುಸಿರು ಬಿಡ್ತಿದೆ. ಇದಕ್ಕೆ ವಯಸ್ಸಾಯ್ತು."

"ಎಲ್ಲರಿಗಿಂತ ಹೆಚ್ಚು ತಿಂತಿರೋದು ಯಾರು? ಮೇಲಿನ ಹೆಸರು ಓದು."

"ಅದಾ? ಅದು ನನ್ನ ಮೀಟರು."

ಹೇಳಿದವನೇ ಪರದೆಯತ್ತ ಬಾಗಿ ಆ ಸಾಲನ್ನು ಮತ್ತೊಮ್ಮೆ ಓದಿದನು. ಎರಡು ವರ್ಷವೂ ಆ ಸಾಲನ್ನು ಬಿಟ್ಟೇ ಓದಿದ್ದನು. ಬಾಯ್ಲರಿನ ಮಾಪಕ ಹಬೆಯನ್ನು ತಿನ್ನುವುದಿಲ್ಲವಲ್ಲ!

"ಸುಮ್ನೆ ತೆಗೆದುಬಿಡು ಮಾರಾಯ. ನಾನು ಯಾರಿಗೂ ಹೇಳಲ್ಲ," ಎಂದಳು ಲೋರ್ನಾ.

"ತಾನಾಗೇ ಸರಿಹೋಯ್ತು ಅಂದ್ರೆ, ತಾನಾಗೇ ಕೆಡುತ್ತೆ ಅಂತ ಎಸೀತಾರೆ. ಕಾರಣ ಹೇಳ್ಲೇಬೇಕು."

ಗುರುವಾರ ಅವನು ಸಭೆಯಲ್ಲಿ ಎದ್ದು ನಿಂತನು. ಹಿಂದಿನ ಸಾಲುಗಳಲ್ಲಿ ಕಾರ್ಖಾನೆಯವರೇ ತುಂಬಿದ್ದರು.

"ಯಂತ್ರಗಳಿಗೆ ರೋಗ ಇರ್ಲಿಲ್ಲ. ಕಾಯ್ತೀನಿ ಅಂತ ನಾನೇ ಅವುಗಳ ಎದೆ ಮೇಲೆ ಕೂತಿದ್ದೆ. ನಿನ್ನೆ ನನ್ನ ಮೀಟರುಗಳನ್ನೆಲ್ಲ ತೆಗೆದು ಎದ್ದೆ. ಈಗ ಓಡ್ತಿವೆ, ಬಂದು ನೋಡಿ."

"ಅಯ್ಯೋ ಪಾಪಿ! ಎರಡು ವರ್ಷ ನನ್ನ ಗೋಳು ಹೊಯ್ಕೊಂಡವನು ನೀನೇನಾ?" ಎಂದನು ಸೆಲ್ಮರ್. ಸಭೆ ನಕ್ಕಿತು. ಓರಿನ್ ನಗಲಿಲ್ಲ. ಸದಸ್ಯರು ಬಂದು ನೋಡಿದರು, ಯಂತ್ರಗಳು ಉಳಿದುವು.

ಈಗ ಅವನು ಸೋಮವಾರಗಳಂದು ಅರ್ಜಿ ತುಂಬಲು ಬಂದವರಿಗೆ ಆ ಪಟ್ಟಿಯನ್ನು ನೋಡುವುದು ಹೇಳಿಕೊಡುತ್ತಾನೆ. "ತೆರೀರಿ, ಹೆಚ್ಚು ತಿನ್ನೋನನ್ನ ಎಬ್ಬಿಸಿ ಕಳಿಸಿ, ಆಮೇಲೆ ಪಟ್ಟೀನೂ ಮುಚ್ಚಿ, ಅದೂ ತಿನ್ನುತ್ತೆ." ಅವರು ಮುಚ್ಚುತ್ತಾರೆ. ಅವನ ಪರದೆಯಲ್ಲಿ ಮಾತ್ರ ಪಟ್ಟಿ ಇನ್ನೂ ತೆರೆದೇ ಇರುತ್ತದೆ. ಲೋರ್ನಾ ತಲೆಯೆತ್ತಿ, "ಓರಿನ್," ಎನ್ನುತ್ತಾಳೆ. ಆಮೇಲೆ ಮುಚ್ಚುತ್ತಾನೆ.