ನಕಾಶೆಯ ಬಿಳಿ ಜಾಗ

ಮಸಿಯಕ್ಕ ಸತ್ತಳು. ತಂಗಿಯ ಮನೆಯ ಹಿಂದಿನ ಕೋಣೆಯ ನೆಲ ಕುಸಿಯಿತು, ಅದರ ಜೊತೆ ಹೋದಳು. ಮುಂದಿನ ಕೋಣೆ ಹಾಗೇ ನಿಂತಿದೆ. ಗೋಡೆಯ ಗಡಿಯಾರವೂ ನಡೆಯುತ್ತಿದೆ.

ಪುರಸಭೆಯಲ್ಲಿ ನಕಾಶೆ ಎತ್ತುವ ಕೆಲಸ ಅವಳದು. ಹಳೆಯ ಹಾಳೆಯ ಮೇಲೆ ತೆಳುಗಾಗದ ಹಾಸಿ, ಒಂದೊಂದೇ ಗೆರೆಯನ್ನು ಮಸಿಯಲ್ಲಿ ಇಳಿಸಿಕೊಳ್ಳಬೇಕು. ಬೆರಳ ತುದಿಯ ಕಪ್ಪು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಮಸಿಯಕ್ಕ ಎಂಬ ಹೆಸರು ಅಲ್ಲಿಂದಲೇ ಬಂದದ್ದು. "ಈ ಊರನ್ನೆಲ್ಲ ಹೆತ್ತವಳು ನಾನೇ. ನೋವು ಮಾತ್ರ ಬೆನ್ನಿಗೆ ಬಂದಿದೆ," ಎಂದು ನಗುತ್ತಿದ್ದಳು.

ಊರು ಹುಟ್ಟಿದ್ದು ಇಟ್ಟಿಗೆ ಗೂಡುಗಳಿಂದ. ರೈಲು ಹತ್ತಿ ಒಂದು ನಿದ್ದೆ ತೆಗೆಯುವುದರೊಳಗೆ ಸಿಗುವ ಮಹಾನಗರ ಎದ್ದು ನಿಂತದ್ದೇ ಇಲ್ಲಿನ ಮಣ್ಣಿನಿಂದ. ಅವಳ ತಾಯಿ ಗೂಡಿನಲ್ಲಿ ಇಟ್ಟಿಗೆ ಹೊತ್ತವಳು. ಮಣ್ಣು ತೆಗೆದ ದೊಡ್ಡ ಗುಂಡಿಯ ಅಂಚಿನಲ್ಲೇ ಅಕ್ಕತಂಗಿಯರು ಆಡಿ ಬೆಳೆದರು. ಮಣ್ಣು ಮುಗಿಯಿತು, ಗೂಡು ಆರಿತು, ಗುಂಡಿಯಲ್ಲಿ ನೀರು ನಿಂತಿತು. ಆಮೇಲೆ ಮಹಾನಗರದವರು ಹಳೆಯ ಕಟ್ಟಡ ಕೆಡವಿದಾಗಲೆಲ್ಲ ಅದರ ಚೂರುಗಳನ್ನು ಲಾರಿಯಲ್ಲಿ ತಂದು ಆ ಗುಂಡಿಗೇ ಸುರಿದರು. ಹೋದ ಇಟ್ಟಿಗೆ ಮುರಿದು ತವರಿಗೆ ಬಂತು.

ಪುರಸಭೆಯ ಕಚೇರಿಯಲ್ಲೊಂದು ರೂಢಿಯಿತ್ತು. ಹೊಸ ನಕಾಶೆಯಲ್ಲಿ ಕಣ್ಣಿಗೆ ಕಾಣುವುದನ್ನು ಮಾತ್ರ ಬರೆಯಬೇಕು; ತುಂಬಿಸಿದ ಜಾಗವನ್ನು ಬಿಳಿಯಾಗಿ ಬಿಡಬೇಕು. ಹೊಸದು ಒಣಗಿತೆಂದರೆ ಹಳೆಯ ಹಾಳೆ ಕಪಾಟಿನ ತಳಕ್ಕೆ ಹಾಸಲು ಹೋಗುತ್ತಿತ್ತು, ಅಲ್ಲಿಂದ ಗೆದ್ದಲ ಬಾಯಿಗೆ. ಲಾರಿಗಳು ಇನ್ನೂ ಸುರಿಯುತ್ತಿರುವಾಗಲೇ, "ಹೇಗೂ ತುಂಬುತ್ತೆ, ಬಿಡಮ್ಮ" ಎಂದರು ಮೇಲಿನವರು. ಅವಳು ಗುಂಡಿಯನ್ನು ಬರೆಯದೆ ಬಿಳಿಯಾಗಿ ಬಿಟ್ಟಳು.

ಎಷ್ಟೋ ವರ್ಷಗಳ ಮೇಲೆ, ಹೊಲಿಗೆ ಮಾಡಿ ಬದುಕುವ ತಂಗಿ ಮನೆ ಕಟ್ಟಲು ಜಾಗ ಹುಡುಕಿದಳು. ಮಸಿಯಕ್ಕ ನಕಾಶೆ ಬಿಡಿಸಿ, ಸ್ಟೇಷನ್ನಿಗೆ ಹತ್ತಿರದ ಆ ಬಿಳಿಯ ಅಂಚಿನ ಮೇಲೆ ತಾನೇ ಬೆರಳಿಟ್ಟಳು. ಆಡಿ ಬೆಳೆದ ಗುಂಡಿ ನೆನಪಿಗೇ ಬರಲಿಲ್ಲ. ತನ್ನ ಕೈಯ ಗೆರೆಯನ್ನು ಅವಳು ಅಷ್ಟು ನಂಬಿದ್ದಳು; ತಂಗಿ ಅಕ್ಕನ ಬೆರಳನ್ನು.

ಮನೆ ಎದ್ದ ಮೇಲೆ ಮೊದಲು ಹಿಂದಿನ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚತೊಡಗಿತು. ಬಡಗಿ ಬಂದು ಹೆರೆದ, ಮತ್ತೆ ಕಚ್ಚಿತು. ಕೈತಪ್ಪಿ ಬಿದ್ದ ದಾರದ ಉಂಡೆ ಯಾವಾಗಲೂ ಒಂದೇ ಮೂಲೆಗೆ ಉರುಳುತ್ತಿತ್ತು. ಒಮ್ಮೆ ಅದನ್ನು ಎತ್ತಲು ಬಗ್ಗಿದ ಮಸಿಯಕ್ಕ ಗೋಡೆಯ ಬುಡಕ್ಕೆ ಕೈಯಿಟ್ಟಳು. ತಣ್ಣಗಿತ್ತು. ಮೂಗಿಗೆ ಹಳೆಯ ಗುಂಡಿಯ ವಾಸನೆ ಬಡಿಯಿತು.

ಅಷ್ಟರಲ್ಲಿ ಊರಿಗೆ ಹೊಸ ಯೋಜನೆ ಬಂತು. ಊರಿಗೆ ಅದು ಬೇಕಿದ್ದದ್ದೂ ನಿಜ. ಚರಂಡಿ ಸಾಲದು, ಶಾಲೆಯಲ್ಲಿ ಮಕ್ಕಳು ಕಿಟಕಿಯ ಕಟ್ಟೆಯ ಮೇಲೂ ಕೂರುತ್ತಾರೆ, ಬಸ್ಸುಗಳು ಮಾರುಕಟ್ಟೆಯ ಬಾಯಲ್ಲೇ ತಿರುಗುತ್ತವೆ. ಜಾಗ ಎಲ್ಲಿದೆ? ಎಲ್ಲರ ಕಣ್ಣೂ ಬಿಳಿಯ ಮೇಲೆ ಬಿತ್ತು. ಸಭೆಯಲ್ಲಿ ಮಸಿಯಕ್ಕ ಎದ್ದು ನಿಂತಳು.

"ಅಲ್ಲಿ ಶಾಲೆ ಕಟ್ಟಬೇಡಿ. ಕೆಳಗೆ ಗುಂಡಿ ಇದೆ. ಮೊದಲು ಅಲ್ಲಿರೋ ಮನೆಯವರನ್ನ ಬೇರೆ ಕಡೆ ಕಳಿಸಿ, ನೆಲ ಕೊರೆದು ನೋಡಿ."

ಯೋಜನಾಧಿಕಾರಿ ಸಿಟ್ಟಾಗಲಿಲ್ಲ, ಒಳ್ಳೆಯ ಮನುಷ್ಯನೇ. "ನಕಾಶೆ ನಿಮ್ಮದೇ ಅಲ್ವಾ ಅಕ್ಕ? ಗುಂಡಿ ಎಲ್ಲಿದೆ, ತೋರಿಸಿ."

ಗೋಡೆಗೆ ತೂಗಿದ್ದ ನಕಾಶೆಯ ತುಂಬ ಅವಳದೇ ಗೆರೆಗಳು. ನಡುವೆ ಬಿಳಿ.

"ಅವತ್ತು ಮಸಿ ಖಾಲಿಯಾಗಿತ್ತೇನೋ!" ಎಂದರು ಹಿಂದಿನಿಂದ ಯಾರೋ. ಸಭೆ ಗೊಳ್ಳೆಂದಿತು. ಕೊರೆದು ನೋಡುವ ಮಾತನ್ನು ಮುಂದಿನ ಸಭೆಗೆ ಹಾಕಿದರು.

ಸುದ್ದಿ ಕೇಳಿ ತಂಗಿ ಉರಿದುಬಿದ್ದಳು. "ಜಾಗ ತೋರಿಸಿದವಳೂ ನೀನೇ, ಬಿಟ್ಟು ಬಾ ಅನ್ನೋಳೂ ನೀನೇ. ನಾನೇನು ನಿನ್ನ ಕಾಗದದ ಗೆರೆನಾ, ಬ್ಲೇಡಲ್ಲಿ ಕೆರೆದು ತೆಗೆಯೋಕೆ?"

"ಬೈಯಿ. ನನ್ನ ಮನೆಗೆ ಬಂದು ಕೂತು ಬೈಯಿ."

"ನಿನ್ನ ಮನೇಲಿ ಬೆಳಕೆಲ್ಲಿದೆ? ನಿನ್ನ ಹಾಗೆ ಮೂಸಿ ನೋಡಿ ಸೂಜಿಗೆ ದಾರ ಪೋಣಿಸ್ಲಾ?"

ಮರುದಿನ ಬೆಳಿಗ್ಗೆ ಮಸಿಯಕ್ಕ ಸೀಮೆಸುಣ್ಣ ಹಿಡಿದು ಬಂದಳು. ಹೊಸ್ತಿಲಲ್ಲಿ ನಿಂತರೆ ಒಂದು ಕಡೆ ನೀರಿನ ಟ್ಯಾಂಕು, ಇನ್ನೊಂದು ಕಡೆ ಸ್ಟೇಷನ್ನಿನ ಕಲ್ಲು ಗೋದಾಮು. ಚಿಕ್ಕಂದಿನಲ್ಲಿ ಇಬ್ಬರೂ ಓಡುತ್ತಿದ್ದ ಗುಂಡಿಯ ಅಂಚು ಇವೆರಡರ ನಡುವೆ ನೇರಕ್ಕಿತ್ತು. ಅದು ಮನೆಯೊಳಗೆ ಹಾದುಹೋದದ್ದು ಹಿಂದಿನ ಕೋಣೆಯ ಬಾಗಿಲಲ್ಲಿ. ಅಲ್ಲಿ ನೆಲದ ಮೇಲೆ ಗೆರೆ ಎಳೆದಳು.

"ಮನೆ ಬಿಡಬೇಡ, ಆಯ್ತಾ? ಇದರ ಈಚೆಗಿರು. ಇಷ್ಟಾದರೂ ಕೇಳೇ."

ತಂಗಿ ಮೂಗು ಮುರಿಯಲು ಹೋದವಳು ಬಾಗಿಲನ್ನು ನೋಡಿ ಅಲ್ಲೇ ತಡೆದಳು. ಅದು ಅವತ್ತು ಕಚ್ಚಿರಲಿಲ್ಲ. ಯಾರೂ ಮುಟ್ಟದೆ ತಾನಾಗಿ ತೆರೆದು, ಒಳಗೆ ವಾಲಿಕೊಂಡಿತ್ತು.

ಇಬ್ಬರೂ ಸೇರಿ ಹೊಲಿಗೆ ಮಿಷನ್ನನ್ನು ಎತ್ತಿ ಗೆರೆ ದಾಟಿಸಿದರು. ತಂಗಿಗೆ ಕೊಂಕು ಮರಳಿತು. "ಸ್ಟೂಲು ಒಳಗೇ ಉಳೀತು. ನಿಂತ್ಕೊಂಡೇ ಹೊಲೀಲಾ ಇನ್ನು?"

"ತರ್ತೀನಿ ಇರೇ, ಮಹಾರಾಣಿ," ಎಂದು ಮಸಿಯಕ್ಕ ಗೆರೆ ದಾಟಿ ಹಿಂದಿನ ಕೋಣೆಯೊಳಗೆ ಹೋದಳು. ನೆಲದಡಿ ಯಾರೋ ಗುಟುಕರಿಸಿದಂತೆ ಸದ್ದಾಯಿತು. ಅವಳು ತಲೆ ಎತ್ತಿ ತಂಗಿಯನ್ನು ನೋಡಿದಳು. ಎರಡೂ ಕೈಯಲ್ಲಿ ಹಿಡಿದಿದ್ದ ಸ್ಟೂಲನ್ನು ಗೆರೆಯಾಚೆ, ತಂಗಿಯ ಕಾಲ ಬಳಿಗೆ ನೂಕಿದಳು.