ಉದುರಿದ ಗರಿಗಳ ಡ್ರಾಯರ್

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನನ್ನ ಪಕ್ಕದ ಫ್ಲ್ಯಾಟಿನಲ್ಲಿದ್ದ ಉಡುಪಿ ಕಡೆಯವರೊಬ್ಬರು ಗಿಡುಗಗಳ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಲಿಫ್ಟ್ ಕೆಟ್ಟರೂ, ನನ್ನ ವೀಸಾ ತಡವಾದರೂ ಅವರದು ಒಂದೇ ಮಾತು: "ಆಗ್ತದೆ ಮಾರಾಯ್ರೆ."

ಒಂದು ರಜೆಯ ದಿನ ಅವರ ಕೆಲಸ ನೋಡಲು ಹೋಗಿದ್ದೆ. ಬೇಟೆಯ ಗಿಡುಗವೊಂದು ರೆಕ್ಕೆಯ ದೊಡ್ಡ ಗರಿಗಳು ಮುರಿದು ಹಾರಲಾರದೆ ಬಂದಿತ್ತು. ಎಡ ರೆಕ್ಕೆಯೋ ಬಲವೋ, ಈಗ ಖಾತ್ರಿಯಿಲ್ಲ. ಅದರ ಅರಬ್ ಯಜಮಾನ ಮಗುವನ್ನು ಆಪರೇಶನ್‌ಗೆ ಕಳಿಸಿದವನಂತೆ ಕೂತಿದ್ದ. ಇವರು ಡ್ರಾಯರಿನಿಂದ ಬೇರೆ ಗಿಡುಗಗಳು ಉದುರಿಸಿದ ಗರಿಗಳನ್ನು ತೆಗೆದು, ಒಂದೊಂದನ್ನೂ ಬೆಳಕಿಗೆ ಹಿಡಿದು, ಹೊಂದುವುದನ್ನು ಆರಿಸಿದರು. ಟೊಳ್ಳು ದಂಟಿನೊಳಗೆ ಬಿದಿರಿನ ಕಡ್ಡಿ ತೂರಿಸಿ, ಮುರಿದ ಬುಡಕ್ಕೆ ಅಂಟಿಸಿದರು.

"ಬೇರೆಯದರ ಗರಿಯಲ್ಲಿ ಇದು ಹಾರುತ್ತದಾ?" ಎಂದೆ.

"ಆ ಕಟ್ಟಿಸಿದ ಹಲ್ಲಲ್ಲಿ ನೀವು ಕೋಳಿ ತಿನ್ನುದಿಲ್ವಾ? ಆಗ್ತದೆ ಮಾರಾಯ್ರೆ."

ಅಂಟು ಒಣಗಿದ ಮೇಲೆ, ಬಲೆ ಹೊದಿಸಿದ ಅಂಗಳದಲ್ಲಿ ಯಜಮಾನ ಹಕ್ಕಿಯನ್ನು ಕೈಯಿಂದ ಬಿಟ್ಟ. ನಾವೆಲ್ಲ ಕತ್ತೆತ್ತಿ ನೋಡಿದೆವು. ಇವರು ಮಾತ್ರ ಗೋಡೆಗೆ ಮುಖ ಮಾಡಿ, ಅಂಟು ಮೆತ್ತಿದ ಬೆರಳುಗಳನ್ನು ಉಜ್ಜಿಕೊಳ್ಳುತ್ತಿದ್ದರು.

"ಹಾರಿತಾ ಮಾರಾಯ್ರೆ?"

ಹಕ್ಕಿ ಆಗಲೇ ಎರಡನೆಯ ಸುತ್ತಿನಲ್ಲಿತ್ತು. ನಾನು ಹಾಗೆ ಹೇಳುವವರೆಗೂ ಅವರು ತಿರುಗಲಿಲ್ಲ.