ತಮ್ಮನ ಕಡೆಗೇ ಹೋಗ್ತಿದ್ದ ಹುಣಸೆ ಮರಗಳು

ಬದುವಿನ ಮೇಲಿದ್ದ ಎರಡು ಹುಣಸೆ ಮರ ಮತ್ತೆ ತಮ್ಮನ ಪಾಲಿಗೆ ಹೋಗ್ಬುಟ್ಟಿದ್ವು. ಐ.ಡಿ.ಹಳ್ಳಿ ಕಡೆಯಿಂದ ಜಮೀನು ಪಾಲು ಮಾಡ್ಕೊಳಕ್ಕೆ ಬಂದಿದ್ದ ಅಣ್ಣ-ತಮ್ಮಂದಿರಲ್ಲಿ ಅಣ್ಣ, ವಿಭಾಗ ಪತ್ರದ ಪ್ರಿಂಟು ತಂದು ನನ್ನ ಟೇಬಲ್ ಮೇಲಿಕ್ಕಿ, ಆ ಸಾಲಿನ ಮೇಲೆ ಬೆರಳಿಟ್ಕಂಡು ನಿಂತ.

"ಮರ ನನ್ಗೆ ಅಂತ ನನ್ನ ಕಣ್ಮುಂದೇನೆ ತಿದ್ಸಿದ್ದು. ನನ್ ತಮ್ಮನೂ ಒಪ್ಪವ್ನೆ. ಮತ್ತೆ ಹೆಂಗೆ ಆ ಕಡೆ ಹೋದ್ವು? ನಡ್ಕಂಡ್ ಹೋದ್ವಾ?"

"ಹುಣಸೆ ಮರ ಅಲ್ವಾ, ದೆವ್ವ ಗಿವ್ವ ಇರ್ತವೆ," ಅಂದೆ.

ನಗ್ಲಿಲ್ಲ ಆಸಾಮಿ. "ನನ್ ತಮ್ಮ ಇಲ್ಲಿ ಯಾರಿಗೆ ಏನ್ ತಿನ್ಸವ್ನೆ ಅಂತ ನನ್ಗೂ ಗೊತ್ತು ಬುಡಿ," ಅಂದ. ಅಂದು, ಒಳಗಡೆ ಟೈಪ್ ಮಾಡ್ತಿದ್ದ ಹೆಣ್ಮಗಳ ಕಡೆ ನೋಡ್ದ.

ನಮ್ದು ಮಧುಗಿರೀಲಿ ಪತ್ರ ಬರೆಯೋ ಅಂಗಡಿ. ಯಜಮಾನ ನನ್ ಜೊತೆ ಓದಿದೋನೇ. ಜನದ ಮುಂದೆ ಯಜಮಾನ್ರೇ ಅಂತೀನಿ, ಇಬ್ರೇ ಇದ್ದಾಗ ಲೇ ಅಂತೀನಿ. ಬಾಗಿಲ ಪಕ್ಕ ನನ್ನ ಕಂಪ್ಯೂಟ್ರು. ತಿದ್ದೋದು, ಪ್ರಿಂಟ್ ತೆಗೆಯೋದು ನನ್ ಕೆಲ್ಸ. ಒಳಗಡೆ ದೊಡ್ಡ ಮಿಷಿನ್ನು, ಪತ್ರಗಳೆಲ್ಲಾ ಅದರ ಹೊಟ್ಟೇಲಿ. ಅದರ ಮುಂದೆ ಕೂತ್ಕೊಳ್ಳೋದು ಪಾವಗಡ ಕಡೆಯಿಂದ ಬಸ್ಸಲ್ಲಿ ಬರೋ ಆ ಹೆಣ್ಮಗಳು. ದೊಡ್ಡ ಮಿಷಿನ್ನಿಗೆ 'ಆಫೀಸ್' ಅಂತ ಹೆಸ್ರಿಟ್ಟವ್ರೆ. ನನ್ ಮಿಷಿನ್ನು ಆ ಹೆಸ್ರು ಹಿಡಿದು ಕೂಗಿದ್ರೆ ಅದು ಓ ಅಂದು ಪತ್ರ ಕೊಡ್ತದೆ. ಇಷ್ಟೇ ವಿದ್ಯೆ. ನನ್ ವಯಸ್ಸಿನೋರಲ್ಲಿ ಇಡೀ ತಾಲೂಕಲ್ಲಿ ಇದು ಗೊತ್ತಿರೋದು ನನಗೊಬ್ಬನಿಗೇ, ಬೇಕಾದ್ರೆ ಹುಡುಕ್ಕಂಡ್ ಬನ್ನಿ.

ಅಣ್ಣ ಅಂಗೇ ಮನೆಗೋಗ್ಲಿಲ್ಲ. ತಾಲೂಕಾಫೀಸ್ ಮುಂದಿನ ಟೀ ಅಂಗಡೀಲಿ ನಿಂತು, ಆ ಹುಡ್ಗಿ ಲಂಚ ತಿಂದು ಪತ್ರ ತಿರುಗಿಸ್ತಾಳೆ ಅಂತ ಹೇಳ್ಬುಟ್ಟ. ಆ ಮಾತು ನಮ್ ಯಜಮಾನನ ಕಿವಿಗೂ ಬಿತ್ತು.

"ನಾಡಿದ್ದು ರಿಜಿಸ್ಟ್ರೇಸನ್ನು," ಅಂದ ನನ್ ಹತ್ರ. "ಅಷ್ಟ್ರಲ್ಲಿ ಮರ ಅಣ್ಣನ ಕಡೆ ನಿಲ್ಲದಿದ್ರೆ ಆ ಹುಡ್ಗಿ ಬರೋದ್ ಬ್ಯಾಡ."

ಇಂಥ ಮಾತು ಹೊತ್ಕಂಡು ಹೊರಗೋದ್ರೆ ಬೇರೆ ಯಾವ ಪತ್ರದಂಗಡಿಯೋನೂ ಅವಳನ್ನ ಒಳಗ್ ಸೇರ್ಸಲ್ಲ. ಅದು ಅವಳಿಗೂ ಗೊತ್ತಿತ್ತು. ಸೀದಾ ನನ್ ಟೇಬಲ್‌ಗೆ ಬಂದ್ಲು, ಸಿಟ್ಟಿಗೆ ಅವಳ ಕಡೆ ತೆಲುಗು ಬಾಯಿಗೆ ಬಂದಿತ್ತು.

"ಏಂದಿ ತಾತ ಇದಿ? ನೀವೇ ತಾನೆ ಮಾಡಿದ್ದು?"

ಅವಳ ಅನುಮಾನಕ್ಕೆ ಕಾರಣ ಐತೆ. ಹೊಸ್ದಾಗಿ ಸೇರ್ದಾಗ, ನಮ್ ಪ್ರಿಂಟರ್‌ಗೆ ಕೈ ಮುಗಿದ್ರೇನೆ ಪೇಪರ್ ಎಳ್ಕೊಳ್ಳೋದು ಅಂತ ನಂಬಿಸಿದ್ದೆ. ಸ್ವಿಚ್ಚು ನನ್ ಟೇಬಲ್ ಕೆಳಗೆ, ಕಾಲ್ಬೆರಳಿನ ಹತ್ರ. ಅವ್ಳು ಮುಗೀತಿದ್ಲು, ನಾನು ಒತ್ತುತಿದ್ದೆ. ಎಷ್ಟ್ ಭಕ್ತಿಯಿಂದ ಮುಗೀತಿದ್ಲು ಅಂದ್ರೆ ಯಜಮಾನನೂ ಒಂದಿನ ಕೈ ಮುಗಿದ.

"ನಾನಾಗಿದ್ರೆ ಮರ ನನ್ ಹೆಸರಿಗೆ ಬರ್ಕೊತಿದ್ದೆ ಕಣಮ್ಮ," ಅಂದೆ. "ನಿನ್ ಕೈಯಲ್ಲಿರೋ ಪತ್ರ, ನೀನೇ ಹೇಳ್ಬೇಕು."

ನಿಜ ಹೇಳ್ಬೇಕು ಅಂದ್ರೆ ನನ್ಗೂ ಅವಳ ಮೇಲೇ ಡೌಟು. ಅದಕ್ಕೇ ಮಾರನೇ ದಿನ ಬೆಳಿಗ್ಗೆ ಒಂದು ಬಲೆ ಹಾಕ್ದೆ. ಪತ್ರ ತೆಗೆದೆ, ಮರ ಅಣ್ಣನ ಕಡೇನೇ ಇದ್ವು; ಕೊನೇಲಿ ಒಂದು ಸಾಲು ಸೇರಿಸ್ದೆ: 'ಇದನ್ನ ಮುಟ್ಟಿ ತಿರುಗಿಸ್ದೋರಿಗೆ ಬಸ್ಸಲ್ಲಿ ಸೀಟ್ ಸಿಗದೇ ಇರ್ಲಿ.' ಸೇವ್ ಮಾಡಿ, ಮಿಷಿನ್ ಆರಿಸಿ ಊಟಕ್ಕೋದೆ. ಊಟಕ್ಕೋಗುವಾಗ ಮಿಷಿನ್ ಆರಿಸೋದು ನನ್ ಅಭ್ಯಾಸ, ಕರೆಂಟು ಸುಮ್ನೆ ಯಾಕೆ.

ಬಂದು ತೆಗೆದು ನೋಡ್ತೀನಿ, ಸಾಲಿಲ್ಲ. ಮರನೂ ತಮ್ಮನ ಕಡೆ ನಿಂತವೆ.

ಸಿಕ್ಕಾಕ್ಕಂಡ್ಲು ಅಂತ ಮೀಸೆ ತೀಡ್ಕಂಡು ಒಳಗೋದೆ. "ಏನ್ ಕಣಮ್ಮ, ನಾಳಿಂದ ಬಸ್ಸಲ್ಲಿ ನಿಂತ್ಕೊಂಡೇ ಬರ್ತೀಯಾ?"

"ಅದನ್ನ ಬರೆದಿದ್ದು ನೀವೇನಾ?" ಅಂದ್ಲು. ಅವಳ ಸ್ಕ್ರೀನಲ್ಲಿ ಅದೇ ಪತ್ರ, ಅದೇ ಹೆಸ್ರು. ಮರ ಅಣ್ಣನ ಕಡೆ ಅವೆ, ನನ್ ಸಾಲೂ ಅಂಗೇ ಐತೆ. "ಬೆಳಿಗ್ಗೆಯಿಂದ ನೋಡ್ತಾ ಇವ್ನಿ. ಇದು ರಿಜಿಸ್ಟ್ರಾರ್ ಮುಂದೆ ಹೋಗಿದ್ರೆ ಏನ್ ಗತಿ ತಾತ?"

ನಾನ್ ಓಡಿ ಬಂದು ನನ್ ಸ್ಕ್ರೀನ್ ನೋಡ್ದೆ. ಇಲ್ಲ. ಅವ್ಳೂ ಬಂದು ನೋಡಿದ್ಲು. ಇಬ್ರೂ ಒಬ್ಬರ ಮುಖ ಒಬ್ರು ನೋಡ್ಕಂಡ್ವಿ. ಅವ್ಳು ಟೇಬಲ್ ಕೆಳಗೆ ನನ್ ಕಾಲು ಎಲ್ಲೈತೆ ಅಂತ ಬಗ್ಗಿ ನೋಡಿದ್ಲು.

ದೊಡ್ಡ ಮಿಷಿನ್ನು ಹೊಸ್ದು, ಮೊನ್ನೆ ತಾನೆ ಶಿರಾದಿಂದ ಒಬ್ಬ ಹುಡುಗ ತಂದು ಜೋಡಿಸಿದ್ದ. ಅವನಿಗೆ ಫೋನ್ ಹಾಕ್ದೆ.

"ಅರೇ ಚಾಚಾ, ಹಳೇದ್ರಲ್ಲಿದ್ದ ಪೂರಾ ಹೊಸದಕ್ಕೆ ಕಾಪಿ ಹೊಡ್ದಿದೀನಿ," ಅಂದ. "ಹೆಸ್ರೂ ಹಳೇದೇ ಇಟ್ಟಿದೀನಿ, ನಿಮ್ ಮಿಷಿನ್ನಿಗೆ ಮತ್ತೆ ಹೇಳ್ಕೊಡೋದ್ ಬೇಡ ಅಂತ. ಹಳೇದು ಬಂದ್ ಅಲ್ವಾ?"

ಅಷ್ಟ್ ಸಾಕಾಯ್ತು ನನ್ ತಲೆಗೆ. ನಮ್ ಕಡೆ ತಾತನ ಹೆಸ್ರು ಮೊಮ್ಮಗನಿಗೆ ಇಡೋದು ವಾಡಿಕೆ, ಆದ್ರೆ ತಾತ ಸತ್ತ ಮೇಲೆ. ನನ್ ಮಗನಿಗೆ ಅಷ್ಟು ತಾಳ್ಮೆ ಇರ್ಲಿಲ್ಲ, ನಾನ್ ಬದುಕಿರುವಾಗ್ಲೇ ಇಟ್ಬುಟ್ಟ. ಬೀದೀಲಿ ಯಾರಾದ್ರೂ ಆ ಹೆಸ್ರು ಕೂಗಿದ್ರೆ ಇಬ್ರೂ ಓ ಅಂತೀವಿ, ಯಾರು ಮೊದ್ಲು ಅಂದ್ರೆ ಅವರ ಹತ್ರ ಬರ್ತಾರೆ. ಸೊಸೆ ಮಾವನ ಹೆಸ್ರು ಬಾಯಲ್ಲಿ ತರಂಗಿಲ್ಲ, ಪಾಪ, ಸ್ವಂತ ಮಗನ್ನ ಪಾಪು ಅಂತ ಕರೀತಾಳೆ.

"ಹಳೇದು ಇನ್ನೂ ಸತ್ತಿಲ್ಲ ಕಣಮ್ಮ," ಅಂದೆ. "ಒಂದೇ ಹೆಸರಿಗೆ ಇಬ್ರು ಓ ಅಂತಾವ್ರೆ."

ಅವ್ಳು ನನ್ ಮಿಷಿನ್ನಲ್ಲಿ ಒಂದು ಕಪ್ಪು ಕಿಟಕಿ ತೆರೆದು, 'ಆಫೀಸ್' ಅಂತ ಕೂಗಿಸಿದ್ಲು. ಉತ್ತರ ಕೊಟ್ಟೋರ ನಂಬರ್ ಬಂತು, ಮನೆ ಬಾಗಿಲ ನಂಬರ್ ಇದ್ದಂಗೆ. ಒಳಗೋಗಿ ದೊಡ್ಡ ಮಿಷಿನ್ನಿನ ನಂಬರ್ ನೋಡ್ಕಂಡು ಬಂದ್ಲು. ಬೇರೆ ಐತೆ. ಹೆಸ್ರು ಒಂದೇ, ಬಾಗಿಲು ಎರಡು. ಕೀಲಿ ಒತ್ತಿದ್ದು ಅವ್ಳು, ಕಂಡ್ಹಿಡಿದಿದ್ದು ನಾನು. ಅವ್ಳು ಬೇರೆ ತರ ಹೇಳ್ತಾಳೆ, ನಂಬಬ್ಯಾಡಿ.

ಹಳೇ ಮಿಷಿನ್ನು ಹಿಂದಿನ ರೂಮಲ್ಲಿತ್ತು, ವೈರ್ ಬಿಚ್ಚದೆ ಅಂಗೇ ಬುಟ್ಟಿದ್ರು. ಆ ರೂಮಿಗೆ ಊಟ ಆದ್ಮೇಲೆ ಹೋಗೋದು ಒಬ್ನೇ. ಯಜಮಾನ. ಬಾಗಿಲಾಕ್ಕಂಡು ಒಂದು ನಿದ್ದೆ ಹೊಡೀತೀನಿ ಅಂತಾನೆ.

ಇಬ್ರೂ ಮೆಲ್ಲುಗೆ ಹೋಗಿ ಕಿವಿಗೊಟ್ವಿ. ಗೊರಕೆ ಇಲ್ಲ. ಟಿಕ್, ಟಿಕ್ ಅಂತೈತೆ.

ಬಾಗಿಲು ತಟ್ಟಿ, "ಯಜಮಾನ್ರೇ, ನಿದ್ದೇಲಿ ಎಲೆ ಇಳಿಸ್ತಿದ್ದೀರಾ?" ಅಂದೆ.

ಟಿಕ್ ಟಿಕ್ ನಿಂತೋಯ್ತು. ಆಮೇಲೆ ಕಣ್ಣುಜ್ಜಿಕೊಂಡು ಬಾಗಿಲು ತೆಗ್ದ. ಹಿಂದೆ ಸ್ಕ್ರೀನ್ ತುಂಬ ಇಸ್ಪೀಟೆಲೆ.

"ಆನ್ ಮಾಡಿದಾಗೆಲ್ಲ ಇಂಗ್ಲೀಷಲ್ಲಿ ಏನೋ ಬರ್ತಿತ್ತು ಕಣ್ಲಾ, ಈ ಹೆಸ್ರು ಇನ್ನೊಂದೈತೆ ಅಂತ," ಅಂದ. "ಓಕೆ ಒತ್ತಿ ಕಳಿಸ್ತಿದ್ದೆ."

ಬೆಳಿಗ್ಗೆ ಹಳೇದು ಆರಿರ್ತಿತ್ತು, ಹೊಸದೇ ಓ ಅಂತಿತ್ತು; ಊಟ ಆದ್ಮೇಲೆ ನನ್ ಮಿಷಿನ್ನು ಮತ್ತೆ ಕೂಗ್ದಾಗ ಹಳೇದು ಮೊದ್ಲು ಓ ಅಂದು, ತನ್ನ ಹತ್ರ ಇದ್ದ ಮೊದಲ್ನೇ ಬರಹ ನನ್ಗೆ ಕೊಡ್ತಿತ್ತು. ಆ ಬರಹದಲ್ಲಿ ಮರ ತಮ್ಮನಿಗೇ. ಅದನ್ನೇ ನಾನು ಪ್ರಿಂಟ್ ತೆಗೆದು ಅಣ್ಣನ ಕೈಗೆ ಕೊಡ್ತಿದ್ದೆ.

"ಸರಿ, ನಾಳೆ ಬಂದ್ರೆ ಸಿಸ್ಟಮ್ ತೊಂದ್ರೆ ಅಂತ ಹೇಳ್ಬುಡಾಣ," ಅಂದ ಯಜಮಾನ. ಅವ್ಳು ಹಳೇ ಮಿಷಿನ್ನಿನ ವೈರ್ ಎಳೆದು ಸುತ್ತಿ, ತನ್ನ ಬ್ಯಾಗಿಗೆ ಹಾಕ್ಕಂಡ್ಲು.

ಮಾರನೇ ಬೆಳಿಗ್ಗೆ ಅಣ್ಣ ಬಂದು ಕೂತ. ನನ್ ಸಾಲು ತೆಗೆದು ಪತ್ರ ರೆಡಿ ಮಾಡಿದ್ಲು, ಆದ್ರೆ ಪ್ರಿಂಟ್ ಕೊಡ್ಲಿಲ್ಲ. ಕೈ ಕಟ್ಕಂಡು ಕೂತ್ಲು.

"ಸಿಸ್ಟಮ್ ತೊಂದ್ರೆ ಆಗಿತ್ತು," ಅಂತ ಶುರು ಮಾಡ್ದ ಯಜಮಾನ.

"ಯಾರ ತೊಂದ್ರೆ ಅಂತ ಹೇಳ್ಲಿ, ಆಮೇಲೆ ಪ್ರಿಂಟು," ಅಂದ್ಲು ಅವ್ಳು.

ಅಣ್ಣ ಮೂವರ ಮುಖಾನೂ ಸುತ್ತಿ ಸುತ್ತಿ ನೋಡ್ದ. ಎಲ್ರೂ ಸೇರಿ ಇನ್ನೇನೋ ಹೂಡ್ತಾವ್ರೆ ಅನ್ನೋ ನೋಟ.

"ಆ ಹುಡ್ಗೀದು ತಪ್ಪಿಲ್ಲ," ಅಂದ ಯಜಮಾನ. "ಹಿಂದೆ ಒಂದು ಹಳೇ ಮಿಷಿನ್ ಐತೆ, ನಾನ್ ಆನ್ ಮಾಡ್ತಿದ್ದೆ. ಅದ್ರಲ್ಲಿದ್ದ ಹಳೇ ಪತ್ರ ಬಂದ್ಬುಡ್ತಿತ್ತು."

"ಯಾಕ್ ಆನ್ ಮಾಡ್ತಿದ್ರಿ?" ಅಂದ ಅಣ್ಣ.

ಯಜಮಾನ ನನ್ ಕಡೆ ನೋಡ್ದ. ಒಂದು ಒಳ್ಳೇ ಸುಳ್ಳು ಬೇಕಿತ್ತು ಅವನಿಗೆ, ಅದು ನನ್ ಹತ್ರ ಯಾವಾಗ್ಲೂ ಸ್ಟಾಕ್ ಇರ್ತದೆ ಅಂತ ಗೊತ್ತು. ಅವತ್ತು ಒಂದಲ್ಲ, ಮೂರು ರೆಡಿ ಇದ್ವು. ಅವ್ಳು ಕೈ ಕಟ್ಕಂಡು ಕೂತಿದ್ದು ನೋಡಿ, ನಾನು ಫ್ಯಾನ್ ನೋಡ್ಕಂಡ್ ಕೂತೆ.

"ಇಸ್ಪೀಟಾಡಕ್ಕೆ," ಅಂದ ಯಜಮಾನ.

"ಇದು ನಿಜಾನೇ ಇರ್ಬೇಕು ಬುಡಿ," ಅಂದ ಅಣ್ಣ. "ಸುಳ್ಳು ಹೇಳೋನು ಇಷ್ಟು ಕೆಟ್ಟದಾಗಿ ಹೇಳಲ್ಲ."

ಅವ್ಳು ಆಗ ಪ್ರಿಂಟ್ ಕೊಟ್ಲು. ಅಣ್ಣ ಒಂದೊಂದ್ ಸಾಲೂ ಬೆರಳಿಟ್ಟು ಓದ್ದ. ಮರ ಅವನ ಕಡೇನೇ ಇದ್ವು.

"ನಾನ್ ಅಂದಿದ್ದು ತಪ್ಪಾಯ್ತಮ್ಮ," ಅಂದ.

"ನನ್ ಹತ್ರ ಅಂದಿಲ್ವಲ್ಲ ನೀವು. ಟೀ ಅಂಗಡೀಲಿ ಅಂದ್ರಿ," ಅಂದ್ಲು. "ಅಲ್ಲೇ ಹೋಗಿ ಹೇಳ್ಬನ್ನಿ. ಅಷ್ಟ್ರಲ್ಲಿ ನಾನು ಇನ್ನೊಂದು ಕಾಪಿ ತೆಗ್ದಿರ್ತೀನಿ."

ಅಣ್ಣ ಟವಲ್ ಹೆಗಲಿಗಾಕ್ಕಂಡು ಎದ್ದ. ನನ್ಗೆ ನಂಬಿಕೆ ಇಲ್ಲ, ಹಿಂದೇನೆ ಹೋದೆ. ಟೀ ಅಂಗಡಿ ಮುಂದೆ ನಿಂತು, ಆ ಹೆಣ್ಮಗಳು ಏನೂ ತಿಂದಿಲ್ಲ, ತಪ್ಪು ನಂದೇ ಅಂತ ಗ್ಲಾಸಿನೊಳಗೆ ಹೇಳ್ದಂಗೆ ಹೇಳ್ದ.

"ಈ ಕಡೆ ಕೇಳಿಸ್ಲಿಲ್ಲ," ಅಂದೆ ನಾನು.